ಭಾನುವಾರದ ಹೂಂ

ಮೈಕು ತುಟಿಗೆ ತಾಗುವಷ್ಟು ಹತ್ತಿರ ಇರಬೇಕು, ಸ್ಪೀಕರು ಕಿವಿಯ ತೂತಿಗೆ ನೇರ ಬರಬೇಕು. ಬೈಕಿನಲ್ಲಿ ಹೋಗುತ್ತಾ ಮಾತಾಡಲು ಇಬ್ಬರ ಹೆಲ್ಮೆಟ್ಟಿಗೂ ಹಾಕಿಸಿದ ಸಾಧನದ್ದು ಇಷ್ಟೇ ವಿಷಯ. ಹೆಂಡತಿಯ ಹೆಲ್ಮೆಟ್ಟನ್ನು ಕೂಸಿನಂತೆ ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಅವನು ಒಳಗಿನ ಮೆತ್ತೆ ಕಿತ್ತ. ಸ್ಪೀಕರು ದವಡೆಯ ಹತ್ತಿರಕ್ಕೆ ಜಾರಿ ಕೂತಿತ್ತು. ಇಷ್ಟು ದಿನ ಅವನ ಮಾತೆಲ್ಲ ಅವಳ ಕೆನ್ನೆಗೆ ಹೋಗುತ್ತಿತ್ತು.

ಅವನು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವನು. ಊರಿನ ಕಿವಿಗಳನ್ನೆಲ್ಲ ಅಳೆದವನಿಗೆ ಬೆನ್ನ ಹಿಂದೆ ಕೂತವಳ ಮಾತು ಕೇಳಿಸಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಕಳೆದ ಭಾನುವಾರ ಹೆದ್ದಾರಿಯಲ್ಲಿ ಅವಳು ಏನೋ ಹೇಳಿದ್ದಳು. ಉದ್ದಕ್ಕೆ, ನಡುವೆ ತಡೆದು ತಡೆದು. ಅವನಿಗೆ ಬಂದದ್ದು ಬರೀ ಗಾಳಿ. ಕೊನೆಯಲ್ಲಿ ಪ್ರಶ್ನೆಯ ಏರು ಮಾತ್ರ ತಿಳಿಯಿತು. ರೂಢಿಯಂತೆ ‘ಹೂಂ’ ಎಂದ. ಮಾರನೆಯ ದಿನ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯಿತು. ಅಂದಿನಿಂದ ಅವಳು ಹಾಡು ಗುನುಗುತ್ತಾಳೆ.

ಯಾವುದಕ್ಕೆ ಒಪ್ಪಿದೆ ಎಂದು ಕೇಳಲು ಅವನಿಗೆ ಬಾಯಿಲ್ಲ. ಕೇಳಿದರೆ ಇಷ್ಟು ವರ್ಷದ ಹೂಂಗಳೆಲ್ಲ ಬಯಲಿಗೆ ಬರುತ್ತವೆ. ಕಿವಿಗೆ ಸರಿಯಾಗಿ ಬಿದ್ದರೆ ಅವಳೇ ಮತ್ತೆ ಆ ಮಾತು ಎತ್ತಿಯಾಳು. ಗಾಳಿಯ ಸದ್ದು ತಡೆಯಲು ಅವಳ ಮೈಕಿಗೆ ಹೊಸ ಸ್ಪಂಜು ತೊಡಿಸಿದ.

“ಕೇಳಿಸ್ತಾ ಇದೆಯಾ?” ಎಂದ, ಗಾಡಿ ಹೊರಟ ಮೇಲೆ.

“ಅಬ್ಬಾ, ಕಿವಿಯೊಳಗೇ ಬಂದು ಕೂತಿದೀರಿ. ಮೆಲ್ಲಗೆ!”

“ನಿನ್ನದೂ ಚೆನ್ನಾಗಿ ಬರ್ತಿದೆ. ಏನಾದ್ರೂ ಹೇಳು.”

“ಏನು ಹೇಳೋದು?”

“ಏನಾದ್ರೂ.”

“ಎಡಗಡೆ ಬಸ್ಸು ಬರ್ತಿದೆ.”

ಆಮೇಲೆ ಅವಳ ಉಸಿರು ಕೇಳಿಸಿತು. ಅವಳು ಉಗುಳು ನುಂಗಿದ್ದೂ ಕೇಳಿಸಿತು. 

ಅವಳು ಕೆಲಸ ಮಾಡುವ ಗ್ರಂಥಾಲಯದ ಮೆಟ್ಟಿಲ ಮುಂದೆ ಧೈರ್ಯ ಮಾಡಿದ. “ಭಾನುವಾರ ಏನೋ ಹೇಳಿದ್ಯಲ್ಲ…”

“ನೀವು ಹೂಂ ಅಂದ್ರಲ್ಲ.”

“ಅಂದೆ, ಅಂದೆ. ಆದ್ರೂ…”

“ಈಗ ಬೇಡ ಅಂತೀರಾ?” ಅವಳ ಮುಖ ಬಾಡಿತು.

“ಛೆ ಛೆ. ಹಾಗಲ್ಲ.”

ಎರಡನೆಯ ಸಲವೂ ಒಪ್ಪಿದ್ದಾಯಿತು.

ಆಸ್ಪತ್ರೆಯಲ್ಲಿ ಗಾಜಿನ ಕೋಣೆಯೊಳಗೆ ಒಬ್ಬ ಮುದುಕ ಕೂತಿದ್ದ. ಕಿವಿಗೆ ಸದ್ದು ಬಿದ್ದಾಗ ಗುಂಡಿ ಒತ್ತಬೇಕು. ಈಚೆ ದೀಪ ಹತ್ತುತ್ತದೆ. ಸದ್ದು ಬಿಡುವ ಮೊದಲೇ ದೀಪ ಹತ್ತಿತು. ಮತ್ತೆ ಹತ್ತಿತು. ಅವನು ಬಾಗಿಲು ತೆರೆದು, ಮುದುಕನ ಕಿವಿಯ ಬಳಿ ಬಾಯಿಟ್ಟು, “ಅಜ್ಜಾ, ನಾನಿನ್ನೂ ಶಬ್ದವೇ ಬಿಟ್ಟಿಲ್ಲ,” ಎಂದ.

“ಹೌದಾ! ಅಷ್ಟು ಆಸೆಯಿಂದ ನೋಡ್ತಿದ್ಯಲ್ಲಪ್ಪ, ನಿನಗ್ಯಾಕೆ ಬೇಜಾರು ಮಾಡೋದು ಅಂತ ಒತ್ತಿದೆ. ಮನೇಲೂ ಹೀಗೇ ಕಾಲ ಹಾಕಿದ್ದು.”

ಮುದುಕ ಬೊಚ್ಚು ಬಾಯಿ ತೆರೆದು ನಕ್ಕ. 

ಸಂಜೆ ಗ್ರಂಥಾಲಯದ ಮುಂದೆ ನಾದಿನಿಯ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಆ ಪೆಟ್ಟಿಗೆ.

“ಭಾವ, ನೀವು ಇಷ್ಟು ದೊಡ್ಡ ಮನಸ್ಸು ಮಾಡ್ತೀರಿ ಅಂತ ನಾನಂದುಕೊಂಡಿರ್ಲಿಲ್ಲ,” ಎಂದಳು ನಾದಿನಿ.

ಹೆಂಡತಿ ತನ್ನ ಹೆಲ್ಮೆಟ್ಟನ್ನು ಅವನ ಕೈಗಿಟ್ಟಳು.

“ಎಷ್ಟು ದಿನಕ್ಕೆ?” ಎಂದ.

“ತಮಾಷೆ ಸಾಕು. ಎಲ್ಲಾ ಬಿಡಿಸಿ ಹೇಳಿದೀನಲ್ಲ.” ಅವಳ ಕಣ್ಣು ತುಂಬಿತ್ತು. “ನೀವು ಒಂದು ಮಾತೂ ಎದುರಾಡಲಿಲ್ಲ. ಅದನ್ನ ಮರೆಯಲ್ಲ.”

ನನಗೆ ಕೇಳಿಸಿರಲಿಲ್ಲ ಎಂಬುದು ನಾಲಿಗೆಯ ತುದಿಗೆ ಬಂತು. ನಾದಿನಿ ನೋಡುತ್ತಿದ್ದಳು. ಅವನು ಕೋಲೆಬಸವನ ಹಾಗೆ ತಲೆಯಾಡಿಸಿದ.

ಅವಳು ಹತ್ತಿದ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಖಾಲಿ ಹೆಲ್ಮೆಟ್ಟನ್ನು ಹಿಂದಿನ ಸೀಟಿಗೆ ಬಿಗಿದ. ಅದರ ಮೈಕು ಆರಿಸಿರಲಿಲ್ಲ. ಗಾಡಿಯ ವೇಗ ಏರಿದಂತೆ ತೆರೆದ ಹೆಲ್ಮೆಟ್ಟಿನೊಳಗೆ ಗಾಳಿ ನುಗ್ಗಿ, ಅವನ ಕಿವಿಗೆ ಬಂತು. ಉದ್ದಕ್ಕೆ, ನಡುವೆ ತಡೆದು ತಡೆದು, ಕೊನೆಯಲ್ಲಿ ಒಂದು ಏರು. ಒಂದಿಷ್ಟೂ ಗೊರಗೊರವಿಲ್ಲ, ತಿಳಿನೀರಿನಷ್ಟು ನಿಚ್ಚಳ.

“ಹೂಂ,” ಎಂದ.