ಸಂಗನಬಸವನಿಗೆ ತಿಳಿಯದೆ ಹೋದ ಚುನಾವಣೆ

ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಫ್ಯಾನು, ಮೋಟಾರು, ಸ್ಟಾರ್ಟರು ಮಾರುವ ಅಂಗಡಿ ಇಟ್ಟುಕೊಂಡಿದ್ದ ಸಂಗನಬಸವನಿಗೆ ರಾಜಕೀಯದ ಹುಚ್ಚು ಹತ್ತಿದ್ದು ಆ ಅಂಗಡಿಯಿಂದಲೇ. ಮೋಟಾರು ಸುಟ್ಟುಕೊಂಡು ಬರುವ ರೈತರು ಮೊದಲು ಕರೆಂಟಿನವರನ್ನು ಬೈಯುತ್ತಿದ್ದರು, ಆಮೇಲೆ ಕಾಲುವೆಯವರನ್ನು, ಕೊನೆಗೆ ಶಾಸಕರನ್ನು. ಕೇಳಿ ಕೇಳಿ ಇವನಿಗೂ ಏನಾದರೂ ಹೇಳಬೇಕು ಅನ್ನಿಸಿತು. ಒಂದು ಬ್ಲಾಗು ತೆರೆದು ‘ಎಡದಂಡೆ’ ಎಂದು ಹೆಸರಿಟ್ಟ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದವನು, ಅದಕ್ಕೇ ಆ ಹೆಸರು. ಬೆಂಗಳೂರು ಕಡೆಯ ಓದುಗರೊಬ್ಬರು ಮಾತ್ರ ಇವನನ್ನು ಕಮ್ಯುನಿಸ್ಟನೆಂದೇ ತಿಳಿದು, ಅಕ್ಕಿಯ ದರದ ಬಗ್ಗೆ ಬರೆದರೂ ರಷ್ಯಾ ಹೆಸರು ಹೇಳಿ ಬೈಯುತ್ತಿದ್ದರು.

ಕಳೆದ ಎರಡು ಚುನಾವಣೆಗಳಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಯಾರು ಗೆಲ್ಲುತ್ತಾರೆ ಎಂದು ಅವನು ಬರೆದಿದ್ದು ಹೆಚ್ಚುಕಡಿಮೆ ಹಾಗೆಯೇ ಆಗಿತ್ತು. ಅಲ್ಲಿಂದ ಅವನ ಮಾತಿಗೆ ಬೆಲೆ ಬಂತು. ಅಂಗಡಿಯ ಎದುರಿಗೆ ಚಹಾದ ಹೋಟೆಲು ನಡೆಸುವ ಚಾಂದ್‌ಪಾಷಾ, ಬೆಳಿಗ್ಗೆ ಮಂಡಕ್ಕಿ ವಗ್ಗರಣಿ ತಿನ್ನಲು ಬಂದವರಿಗೆಲ್ಲ ‘ಎಡದಂಡೆ’ಯನ್ನು ಮೊಬೈಲಿನಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಪೇಟೆಯಲ್ಲಿ ನಡೆದು ಹೋಗುತ್ತಿದ್ದರೆ ಯಾರಾದರೊಬ್ಬರು ಗಾಡಿ ನಿಲ್ಲಿಸಿ, “ಸಂಗಣ್ಣ, ಗಾಳಿ ಯಾವ ಕಡಿ ಐತಿ?” ಎಂದು ಕೇಳಿಯೇ ಕೇಳುವರು. ಸಂಗನಬಸವ ಸ್ವಲ್ಪ ಹೊತ್ತು ಆಕಾಶ ನೋಡಿ ಉತ್ತರ ಹೇಳುತ್ತಿದ್ದ. ಹಾಗೆ ನೋಡುವ ರೂಢಿ ಯಾವಾಗ ಬಂತೋ ಅವನಿಗೇ ತಿಳಿಯದು.

ಈ ಸಲ ವಿಧಾನಸಭೆ ಚುನಾವಣೆ ಘೋಷಣೆಯಾದ ವಾರದಲ್ಲಿ ಅವನು ತುರ್ವಿಹಾಳಕ್ಕೆ ಹೋಗಿದ್ದ. ತಾಯಿ ಅಂಬಮ್ಮ ಇರುವುದು ಅಲ್ಲಿ, ತಮ್ಮ ದೊಡ್ಡಬಸಪ್ಪನ ಜೊತೆ. ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಭಾಗ್ಯಶ್ರೀ ಅವನ ಹೊಸ ಬರಹವನ್ನು ಮೊಬೈಲಿನಲ್ಲಿ ತೆಗೆದು ಅತ್ತೆಗೆ ಓದಿ ಹೇಳತೊಡಗಿದಳು. ‘ನಮ್ಮ ಕಾಲುವೆ ಭಾಗದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಮತ ಮನೆಯ ಯಜಮಾನನ ಮತದ ಹಿಂದೆಯೇ ಹೋಗುತ್ತದೆ. ಇದನ್ನು ನಾನು ನನ್ನ ಮನೆಯಿಂದಲೇ ಬಲ್ಲೆ’ ಎಂಬ ಸಾಲು ಬಂದಾಗ ಭಾಗ್ಯಶ್ರೀಯ ದನಿ ಸಣ್ಣಗಾಯಿತು. ಅವಳು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಂಬಮ್ಮ ರೊಟ್ಟಿ ಹಾಕುತ್ತಿದ್ದವಳು ಕೈ ತಡೆದು ಕೇಳಿದಳು: “ಸಂಗಪ್ಪಾ, ಇದನ್ನ ನೀನ ಬರೆದೀಯೇನು?”

“ಹೌದು ಬೇ ಯವ್ವಾ.”

“ನಾನಂತೂ ನೀ ಹೇಳಿದವರಿಗೆ ಯಾವತ್ತೂ ಓಟು ಹಾಕಿಲ್ಲಪಾ,” ಎಂದಳು ಅಂಬಮ್ಮ, ಉಪ್ಪು ಕಡಿಮೆಯಾಗಿದೆ ಎಂದು ಹೇಳುವಷ್ಟೇ ಸಲೀಸಾಗಿ. “ನಿಮ್ಮಪ್ಪ ಹೇಳಿದವರಿಗೂ ಹಾಕಿಲ್ಲ.”

ಸಂಗನಬಸವ ರೊಟ್ಟಿ-ಪುಂಡಿಪಲ್ಲೆಯ ತುತ್ತನ್ನು ತಾಟಿಗೆ ವಾಪಸು ಇಟ್ಟ. ನೀರು ಕುಡಿದು ಕೇಳಿದ: “ಮತ್ತ ಪ್ರತಿ ಸಲ ನಾ ಕೇಳಿದಾಗ ಹಾಕೀನಿ ಅಂತಿದ್ದೆಲ್ಲ?”

“ಹಾಕೀನಿ ಅಂದ್ರ ಹಾಕೀನಿ. ಯಾರಿಗೆ ಅಂತ ನೀ ಯಾವಾಗರೆ ಕೇಳೀಯೇನು?”

“ಈಗ ಕೇಳಾಕತ್ತೀನಿ. ಯಾರಿಗೆ ಹಾಕಿದಿ?”

“ಅದನ್ನ ಹೊರಗ ಹೇಳೂದಿದ್ರ ಅವರು ಪರದಿ ಎದಕ ಕಟ್ಟತಿದ್ರು?” ಅಂಬಮ್ಮ ಇನ್ನೊಂದು ರೊಟ್ಟಿ ಹಾಕಿದಳು. “ಮದುವಿಯಾಗಿ ಬಂದ ವರ್ಷ ನಿಮ್ಮಪ್ಪ ಚಿತ್ರ ತೋರಿಸಿ, ಇದರ ಮ್ಯಾಲೆ ಸಿಕ್ಕಾ ಒತ್ತು ಅಂದ್ರು. ಒಳಗ ಹೋಗಿ ನಿಂತೆ. ಯಾರೂ ಇರಲಿಲ್ಲ. ಅತ್ತಿ ಇಲ್ಲ, ಮಾವ ಇಲ್ಲ, ನಿಮ್ಮಪ್ಪ ಇಲ್ಲ. ನನಗ ಬೇಕಾದಲ್ಲಿ ಒತ್ತಿ ಬಂದೆ. ಅವತ್ತಿನಿಂದ ಹಂಗ.”

ದೊಡ್ಡಬಸಪ್ಪ ತಲೆ ತಗ್ಗಿಸಿಕೊಂಡು ಊಟ ಮಾಡುತ್ತಿದ್ದ. ಅಣ್ಣ ತನ್ನ ಕಡೆ ನೋಡಿದ್ದು ತಿಳಿದು, “ನನಗೇನೂ ಕೇಳಬ್ಯಾಡ ಅಣ್ಣ,” ಎಂದ. ಭಾಗ್ಯಶ್ರೀ ಎದ್ದು ಮಜ್ಜಿಗೆ ತರುವ ನೆಪದಲ್ಲಿ ಒಳಗೆ ಹೋದಳು.

ಸಿಂಧನೂರಿಗೆ ವಾಪಸು ಬಂದವನು ಹೆಂಡತಿ ಶಿವಕುಮಾರಿಯನ್ನು ಕೇಳಿದ. ಅವಳು ಹಂಚಿಕಡ್ಡಿ ಪೊರಕೆ ಹಿಡಿದು ಅಂಗಳ ಗುಡಿಸುತ್ತಿದ್ದಳು. “ಏನ್ ಬೇಕಾದ್ದು ಕೇಳ್ರಿ, ಅದೊಂದು ಕೇಳಬ್ಯಾಡ್ರಿ,” ಎಂದಳು.

“ಅಂದ್ರ ನೀನೂ?”

“ನಾ ಏನರೆ ಅಂದೆನೇನು?” ಎಂದು ಅವಳು ಕಸವನ್ನು ಅವನ ಕಾಲ ತನಕ ತಂದಳು. ಅವನು ಸರಿದು ನಿಂತ.

ಮೂರು ತಾಲ್ಲೂಕುಗಳ ಮನಸ್ಸು ಬಲ್ಲೆನೆಂದುಕೊಂಡವನಿಗೆ ತನ್ನ ಮನೆಯ ಎರಡು ಒಲೆಗಳ ಮುಂದಿನ ಮನಸ್ಸೇ ಗೊತ್ತಿರಲಿಲ್ಲ. ಆದರೂ ಒಂದು ಸಮಾಧಾನ ಮಾಡಿಕೊಂಡ. ಮನೆಯ ಮಾತು ಬೇರೆ, ಹೊರಗಿನ ಮಾಹಿತಿ ಬೇರೆ. ಅದು ಗಟ್ಟಿಯಾಗಿದ್ದದ್ದಕ್ಕೇ ಅಲ್ಲವೇ ಹಿಂದೆ ಎರಡು ಸಲ ತಾನು ಹೇಳಿದ್ದು ನಿಜವಾದದ್ದು? ಮರುದಿನ ಅಂಗಡಿಗೆ ಬೀಗ ಹಾಕಿ ಮಸ್ಕಿಯ ಬಸ್ಸು ಹತ್ತಿದ.

ಮಸ್ಕಿಯಲ್ಲಿ ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದ ಖಾದರಬಾಷಾ ಅವನ ಹಳೆಯ ಸುದ್ದಿಗಾರ. ಲಾರಿ, ಟ್ರ್ಯಾಕ್ಟರ್, ಜೀಪು ಎಲ್ಲವೂ ಅವನ ಮುಂದೆ ನಿಂತೇ ಹೋಗಬೇಕು; ಎಲ್ಲ ಪಕ್ಷದವರ ಟೈರಿಗೂ ಮೊಳೆ ಚುಚ್ಚುತ್ತದೆ. ಸಂಗನಬಸವ ಮಸ್ಕಿಯ ಬಗ್ಗೆ ಬರೆದದ್ದೆಲ್ಲ ಹೆಚ್ಚಾಗಿ ಅವನ ಮಾತಿನ ಮೇಲೆಯೇ.

“ಬರ್ರಿ ಅಣ್ಣ, ಕೂಡ್ರಿ,” ಎಂದು ಖಾದರಬಾಷಾ ಟೈರೊಂದನ್ನು ಉರುಳಿಸಿ ಮೇಲೆ ಗೋಣಿಚೀಲ ಹಾಸಿದ. “ಈ ಸಲ ನಿಂತ ಹೊಸಬಂದೇ ಹವಾ. ಕಾಲುವಿ ಹೋರಾಟದ ಹಳ್ಳಿಗಳು ಪೂರಾ ಆ ಕಡಿ ಹೊಳ್ಯಾವ.”

“ಯಾರು ಹೇಳಿದ್ರು?”

“ಹಂಗಂತ ಬರದಾರಲ್ಲಣ್ಣ.”

“ಎಲ್ಲಿ?”

ಖಾದರಬಾಷಾ ನಕ್ಕ. “ನಿಮ್ಮ ಎಡದಂಡಿಯಾಗ! ಹೋದ ವಾರ.”

ಸಂಗನಬಸವ ಅವನನ್ನೇ ನೋಡಿದ. “ಲೇ ಖಾದರ್, ಅದನ್ನ ನಾ ಬರೆದಿದ್ದು ನೀ ಹೇಳಿದ್ದಕ್ಕ.”

“ನಾ ಹೇಳಿದ್ದು ಅದಕ್ಕ ಮೊದಲ ನೀವು ಬರೆದದ್ದು ಓದಿ ಅಣ್ಣ,” ಎಂದ ಖಾದರಬಾಷಾ. ಅವನ ಮುಖದಲ್ಲಿ ಕಪಟವೇನೂ ಇರಲಿಲ್ಲ. “ನೀವು ತಿಳಿದವರು. ಗಿರಾಕಿ ಬಂದು ಕೇಳಿದ್ರ ನಾ ನಿಮ್ಮದ ಹೇಳ್ತೀನಿ. ಅವರು ಹೌದ್ಹೌದು ಅಂತಾರ. ಮತ್ತ ನೀವು ಬಂದು ಕೇಳಿದ್ರ, ಜನ ಹಿಂಗ ಅಂತಾರ ಅಂತ ಹೇಳ್ತೀನಿ. ಸುಳ್ಳೇನಿಲ್ಲ, ಅಂತಾರ.”

ಖಾದರಬಾಷಾ ಮತ್ತೆ ತನ್ನ ಟ್ಯೂಬಿನ ಕೆಲಸಕ್ಕೆ ಕೂತ. ಲಿಂಗಸುಗೂರಿನ ಬಸ್ಸು ಬಂತು. ಸಂಗನಬಸವ ಹತ್ತಿದ.

ಲಿಂಗಸುಗೂರಿನಲ್ಲಿದ್ದ ಲಾಲಪ್ಪ ಅವನ ಕಾಲೇಜಿನ ಗೆಳೆಯ, ಈಗ ಬ್ಯಾಂಕಿನಲ್ಲಿ ಆಫೀಸರು. ಅವನ ಹೆಂಡತಿ ಸುರೇಖಾ ಹೈಸ್ಕೂಲಿನಲ್ಲಿ ಟೀಚರು. ಅವರ ಮನೆಯ ನಡುಮನೆಯಲ್ಲಿ ಬುದ್ಧನ ಚಿತ್ರ, ಅದರ ಪಕ್ಕದಲ್ಲಿ ಬಾಬಾಸಾಹೇಬರ ಚಿತ್ರ. ಪ್ರತಿ ಚುನಾವಣೆಗೆ ಮೊದಲು ಸಂಗನಬಸವ ಇಲ್ಲಿಗೆ ಬಂದು, ಚಹಾ ಕುಡಿದು, ‘ಈ ಭಾಗದ ದಲಿತ ಮತಗಳ ಒಲವು’ ಎಂದು ಒಂದು ದೀರ್ಘ ಬರಹ ಬರೆಯುತ್ತಿದ್ದ. ಇವತ್ತು ಅವನು ತಾಯಿಯ ಮಾತು, ಖಾದರಬಾಷಾನ ಮಾತು ಎರಡನ್ನೂ ಹೇಳಿ, “ನಿಮ್ಮ ಓಣಿಯವರು ನನಗ ಹೇಳಿದ್ದಾದ್ರೂ ಖರೇ ಏನೋ ಲಾಲಪ್ಪ?” ಎಂದು ಕೇಳಿದ.

ಲಾಲಪ್ಪ ಸುರೇಖಾಳ ಮುಖ ನೋಡಿದ. ಅವಳು, “ಹೇಳಿಬಿಡ್ರಿ,” ಎಂದಳು.

“ಮೂರು ಪಾರ್ಟಿಯವ್ರು ಬರ್ತಾರ. ಮೂರೂ ಮಂದಿಗೆ ಚಹಾ ಕೊಡ್ತೀವಿ, ಹೂಂ ಅಂತೀವಿ,” ಎಂದ ಲಾಲಪ್ಪ. “ಮನಿ ಬಾಗಲಿಗೆ ಬಂದವ್ರ ಜೋಡಿ ಯಾರು ಜಗಳ ತೆಗೀತಾರ? ನಿನಗೂ ಹಂಗ ಹೂಂ ಅಂದೀವಿ.”

“ನಾನೂ ಅವರೊಳಗ ಒಬ್ಬನೇನು?”

“ಬ್ಯಾಸರ ಮಾಡ್ಕೋಬ್ಯಾಡ. ನೀ ನನ್ನ ದೋಸ್ತ ಖರೇ. ಆದ್ರ ಓಣ್ಯಾಗ ಬಂದು ಕುಂತು ಹೆಂಗ ಕೇಳ್ತಿ? ‘ಈ ಸಲ ಹಿಂಗ ಅಲ್ಲ?’ ಅಂತೀ. ಅವರೇನಂತಾರ ಅಂತ ಒಮ್ಮೆಯೂ ಕೇಳಿಲ್ಲ. ನೀ ಏನ್ ಅನ್ನಬೇಕು ಅಂತಿದ್ದಿ, ಅದಕ್ಕ ತಲಿ ಅಲ್ಲಾಡಿಸ್ಯಾರ.”

ಸಂಗನಬಸವನಿಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಮಾಡಬೇಕೋ ತಿಳಿಯಲಿಲ್ಲ. “ಹಂಗಾದ್ರ ಎರಡು ಸಲ ನಾ ಹೇಳಿದ್ದು ಹೆಂಗ ಖರೇ ಆತು?”

“ಅದನ್ನ ನಾನೂ ವಿಚಾರ ಮಾಡೀನಿ,” ಎಂದ ಲಾಲಪ್ಪ. “ನನಗೂ ತಿಳಿದಿಲ್ಲ.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಿಸಿಗಾಳಿಗೆ ಮುಖ ಒಡ್ಡಿ ಅವನು ಊರಿಗೆ ಮರಳಿದ. ಸಂಜೆ ಅಂಗಡಿಯಲ್ಲೇ ಕೂತು ಬರೆದು ಹಾಕಿದ: ‘ಈ ಸಲ ಮೂರೂ ಕ್ಷೇತ್ರಗಳಲ್ಲಿ ಯಾರು ಗೆಲ್ಲುತ್ತಾರೆಂದು ನನಗೆ ಗೊತ್ತಿಲ್ಲ. ಹಿಂದೆಯೂ ಗೊತ್ತಿರಲಿಲ್ಲವೆಂದು ಈಗ ಅನುಮಾನ ಬಂದಿದೆ. ಜನ ನನಗೆ ಹೇಳಿದ್ದು ಅವರ ಮನಸ್ಸೋ, ನನ್ನ ಮುಲಾಜೋ ತಿಳಿಯದು. ದಯವಿಟ್ಟು ನನ್ನನ್ನು ಕೇಳಬೇಡಿ.’ ಬರೆದ ಮೇಲೆ ಎದೆ ಹಗುರಾಯಿತು. ಇನ್ನು ಯಾರೂ ತನ್ನ ಗೊಡವೆಗೆ ಬರುವುದಿಲ್ಲ ಎಂದುಕೊಂಡ.

ಬೆಳಗಾಗುವಷ್ಟರಲ್ಲಿ ಆ ನಾಲ್ಕು ಸಾಲು ಮೂರೂ ತಾಲ್ಲೂಕುಗಳ ವಾಟ್ಸಪ್ ಗುಂಪುಗಳಲ್ಲಿ ಓಡಾಡಿತ್ತು. ಚಾಂದ್‌ಪಾಷಾನ ಹೋಟೆಲಿನಲ್ಲಿ ಜನ ಮಿರ್ಚಿ ಕಡಿಯುತ್ತ ಅದರ ಅರ್ಥ ಬಿಡಿಸುತ್ತಿದ್ದರು. ‘ಗೊತ್ತಿಲ್ಲ’ ಎಂದರೆ ಹಾಲಿ ಶಾಸಕರು ಸೋಲುತ್ತಾರೆ ಎಂದೇ ಅರ್ಥ, ಹೆದರಿ ಬಿಡಿಸಿ ಹೇಳಿಲ್ಲ ಎಂದರು ಕೆಲವರು. ‘ಮುಲಾಜು’ ಎಂಬ ಮಾತನ್ನು ಸುಮ್ಮನೆ ಹಾಕಿಲ್ಲ, ಅದರಲ್ಲಿ ಒಂದು ಸಮಾಜದ ಕಡೆ ಬೆರಳಿದೆ ಎಂದರು ಇನ್ನು ಕೆಲವರು.

ಚಾಂದ್‌ಪಾಷಾ ಚಹಾ ತಂದಿಟ್ಟು ಸಂಗನಬಸವನ ಕಿವಿಯ ಹತ್ತಿರ ಬಾಗಿದ. “ಸಂಗಣ್ಣ, ನನಗರೆ ಹೇಳು. ಒಳಗಿಂದು ಏನು?”

“ಒಳಗ ಏನೂ ಇಲ್ಲ ಭಾಯಿ. ಗೊತ್ತಿಲ್ಲ ಅಂದ್ರ ಗೊತ್ತಿಲ್ಲ.”

“ಆತ್ಬಿಡು,” ಎಂದ ಚಾಂದ್‌ಪಾಷಾ ಮುಖ ಸಣ್ಣ ಮಾಡಿಕೊಂಡು. “ಇಷ್ಟು ವರ್ಷದ ದೋಸ್ತಿ, ನನಗೂ ಹೇಳಂಗಿಲ್ಲ ಅಂದ್ರ ದೊಡ್ಡದ ಇರಬೇಕು.”

ಮಧ್ಯಾಹ್ನ ಒಂದು ಪಕ್ಷದ ತಾಲ್ಲೂಕು ಮುಖಂಡ ಕರಿಬಸಪ್ಪ ಜೀಪಿನಿಂದಿಳಿದು ನೇರವಾಗಿ ಅಂಗಡಿಯೊಳಗೆ ಬಂದ. “ಸಂಗನಬಸವ ಅವ್ರೇ, ನಿಮ್ಮ ಬಾಯಿ ಯಾರು ಕಟ್ಟ್ಯಾರ್ರೀ? ಹೋದ ವಾರ ನಮ್ಮದೇ ಅಂತ ಬರೆದಿದ್ರಿ. ಈಗ ಗೊತ್ತಿಲ್ಲ ಅಂತೀರಿ!”

“ಖರೇನ ಗೊತ್ತಿಲ್ರೀ.”

“ನಿಮಗ ಗೊತ್ತಿಲ್ಲ ಅಂದ್ರ ಯಾರು ನಂಬಬೇಕು? ನಮ್ಮ ಹುಡುಗ್ರು ರಾತ್ರಿಯಿಂದ ಊಟ ಬಿಟ್ಟಾರ!” ಎಂದು ಕರಿಬಸಪ್ಪ ಎದುರಿಗಿದ್ದ ಟೇಬಲ್ ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡ. ಅವನು ಹೋದ ಸ್ವಲ್ಪ ಹೊತ್ತಿಗೆ ಎದುರು ಪಕ್ಷದವರೊಬ್ಬರು ಫೋನು ಮಾಡಿ, ಇಷ್ಟು ಧೈರ್ಯವಾಗಿ ನಮ್ಮ ಪರ ನಿಂತಿದ್ದಕ್ಕೆ ಉಪಕಾರವಾಯಿತು ಎಂದರು. ಸಂಗನಬಸವ ಅವರಿಗೂ ತಿಳಿಸಿ ಹೇಳಲು ನೋಡಿದ. “ಗೊತ್ತಾತ್ರಿ, ಗೊತ್ತಾತು. ಫೋನಿನ್ಯಾಗ ಬ್ಯಾಡ,” ಎಂದು ಅವರು ಫೋನಿಟ್ಟರು. ಅವನು ಮತ್ತೊಂದು ವಿವರಣೆ ಬರೆದು ಹಾಕಿದ. ಅದಕ್ಕೂ ಅರ್ಥ ಬಂತು. ಆಮೇಲೆ ಬರೆಯುವುದನ್ನೇ ಬಿಟ್ಟ. ಆ ಮೌನಕ್ಕೂ ಅರ್ಥ ಬಂತು.

ಮತದಾನದ ದಿನ ಶಾಲೆಯ ಮುಂದೆ ಬಿಸಿಲಲ್ಲಿ ಸಾಲು ನಿಂತು ಒಳಗೆ ಹೋದ. ಯಂತ್ರದ ಮುಂದೆ ನಿಂತಾಗ ಇಷ್ಟು ವರ್ಷ ತಾನು ಹೊಗಳಿದ, ತೆಗಳಿದ ಹೆಸರುಗಳೆಲ್ಲ ಒಂದರ ಕೆಳಗೊಂದು ಸಣ್ಣ ಅಕ್ಷರದಲ್ಲಿ ಸುಮ್ಮನೆ ಕೂತಿದ್ದವು. ಯಾರ ಬಗ್ಗೆ ಏನು ಬರೆದಿದ್ದೆ, ಅದರಲ್ಲಿ ತನ್ನದೆಷ್ಟು, ಕೇಳಿದವರದೆಷ್ಟು? ಬೆರಳು ಎತ್ತಿದವನು ಹಾಗೆಯೇ ನಿಂತ. “ಆತೇನ್ರಿ?” ಎಂದು ಹೊರಗಿನಿಂದ ಅಧಿಕಾರಿ ಕೂಗಿದರು. ಒಂದು ಗುಂಡಿ ಒತ್ತಿದ. ಅದನ್ನೇ ಏಕೆ ಒತ್ತಿದೆನೆಂದು ಮನೆಗೆ ನಡೆದು ಬರುವಾಗ ಯೋಚಿಸಿದ. ಒಂದು ಕಾರಣ ಸಿಕ್ಕಿತು. ಸ್ವಲ್ಪ ಮುಂದೆ ಬಂದಾಗ ಅದು ಕಾರಣವಲ್ಲ, ಆಮೇಲೆ ಹುಡುಕಿಕೊಂಡ ನೆಪ ಅನ್ನಿಸಿತು.

ಫಲಿತಾಂಶ ಬಂದಾಗ ಒಂದು ಕಡೆ ಎಲ್ಲರೂ ಗೆಲ್ಲುತ್ತಾನೆ ಎಂದವನೇ ಗೆದ್ದ. ಇನ್ನೊಂದು ಕಡೆ ಯಾರೂ ಲೆಕ್ಕಕ್ಕೆ ಹಿಡಿಯದವನು ಗೆದ್ದ. ಸಿಂಧನೂರಿನಲ್ಲಿ ಕರಿಬಸಪ್ಪನ ಪಕ್ಷ ಕೂದಲೆಳೆಯ ಅಂತರದಲ್ಲಿ ದಾಟಿಕೊಂಡಿತು. ಕರಿಬಸಪ್ಪ ಮುಖದ ತುಂಬ ಗುಲಾಲು ಬಳಿದುಕೊಂಡು ಬಂದು ಅವನನ್ನು ತಬ್ಬಿಕೊಂಡ. “ನಿಮ್ಮಿಂದ ಗೆದ್ವಿ ನೋಡ್ರಿ! ನೀವು ಗೊತ್ತಿಲ್ಲ ಅಂದ ಮ್ಯಾಲೇ ನಮ್ಮವ್ರಿಗೆ ಎಚ್ಚರಾಗಿ ಮನಿ ಮನಿ ತಿರುಗಿದ್ರು.” ಸೋತವರೂ ಅದನ್ನೇ ಹೇಳಿದರು, ಅವರ ಪ್ರಕಾರ ಸೋಲಿಗೆ ಕಾರಣ ಅವನೇ. ಒಂದು ಟಿವಿ ಚಾನೆಲ್ಲಿನವರು ಫೋನು ಮಾಡಿ, ಇಷ್ಟು ಗೊಂದಲದ ಫಲಿತಾಂಶವನ್ನು ನೀವೊಬ್ಬರೇ ಮೊದಲೇ ಊಹಿಸಿದ್ದು ಹೇಗೆ ಎಂದು ಕೇಳಿದರು. ಅವನು ಊಹಿಸಿಲ್ಲ ಎಂದ. ಅವರು ನಕ್ಕು, ವಿನಯ ಬಹಳ ಎಂದರು.

ಒಂದೆರಡು ದಿನ ಅವನು ಅಂಗಡಿಯ ಬಾಗಿಲು ತೆಗೆಯಲಿಲ್ಲ. ಮೂರನೆಯ ದಿನ ಅಂಗಡಿ ತೆಗೆದು ಕೂತಿದ್ದಾಗ ಸಾಲಗುಂದ ಹಳ್ಳಿಯ ಶೇಖರಮ್ಮ ಎಂಬಾಕೆ ಕೆಟ್ಟ ಫ್ಯಾನೊಂದನ್ನು ಸೀರೆಯ ಚೂರಿನಲ್ಲಿ ಸುತ್ತಿಕೊಂಡು ಬಂದಳು. ಫ್ಯಾನನ್ನು ಮುಂದಿಟ್ಟು, ಬೆವರು ಒರೆಸಿಕೊಂಡು ಕೇಳಿದಳು:

“ಎಲೆಕ್ಷನ್ನಿನ್ಯಾಗ ಯಾರೋ ಆರಿಸಿ ಬಂದಾರಂತಲ್ಲಪಾ. ಇನ್ನ ಏನಾಕೈತಿ?”

ಸಂಗನಬಸವ ರೂಢಿಯಂತೆ ತಲೆ ಎತ್ತಿದ. ಬಾಯಿಗೆ ಬಂದ ಮೊದಲ ವಾಕ್ಯ ಚೆನ್ನಾಗಿಯೇ ಇತ್ತು. ಆದರೂ ಅದನ್ನು ಹೇಳಲಿಲ್ಲ.

“ನನಗ ತಿಳಿವಲ್ದು ಯಕ್ಕಾ. ನಿಮಗ ಏನಾಗಬೇಕಾಗಿತ್ತು?”

ಶೇಖರಮ್ಮ ಅವನ ಮುಖವನ್ನು ಅನುಮಾನದಿಂದ ನೋಡಿದಳು. ಇವನು ಏನನ್ನು ಬಾಯಿಬಿಡಿಸಲು ನೋಡುತ್ತಿದ್ದಾನೆ ಎಂದು ಅಂದುಕೊಂಡಳೋ ಏನೋ. ಆಮೇಲೆ ಸ್ಟೂಲಿನ ಮೇಲೆ ಕೂತು, ಮುಂಜಾನೆಯ ಬಸ್ಸು ಊರ ಮುಂದೆ ನಿಲ್ಲಿಸದೆ ಹೋಗುವುದು, ಕಾಲೇಜಿಗೆ ಹೋಗುವ ಮಗಳು ದಿನಾ ದೊಡ್ಡ ರಸ್ತೆಯ ತನಕ ಓಡುವುದು, ಕಂಡಕ್ಟರು ಅಂದ ಮಾತು, ಇದನ್ನೆಲ್ಲ ಹೇಳಲು ಶುರುಮಾಡಿದಳು. ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದಳು. ನಡುವೆ ತನ್ನ ಮೈದುನನ ಕಥೆಯೂ ಬಂತು. ಇದರಲ್ಲಿ ಒಲವು ಯಾವುದು, ಗಾಳಿ ಯಾವ ಕಡೆ, ಸಂಗನಬಸವನಿಗೆ ಒಂದೂ ಹೊಳೆಯಲಿಲ್ಲ. ಅವನು ಫ್ಯಾನಿನ ಸ್ಕ್ರೂ ಬಿಚ್ಚುತ್ತ, ನಡುವೆ ಬಾಯಿ ಹಾಕದೆ ಕೇಳುತ್ತ ಕೂತ.