ಮುರು ಮೀನಿನ ಕಿವಿಕಲ್ಲು

ಮೆಹ್ನಾಜ್ ನಾಲ್ಕು ತಿಂಗಳ ಬಸುರಿ. ಅನ್ನ ಸೇರುತ್ತಿರಲಿಲ್ಲ, ಸಾರಿನ ವಾಸನೆಗೇ ಮುಖ ತಿರುಗಿಸುತ್ತಿದ್ದಳು. ಒಂದು ಬೆಳಗ್ಗೆ ಅತ್ತೆಯ ಪಕ್ಕ ಬಂದು ಕೂತು ಮೆಲ್ಲಗೆ ಅಂದಳು: "ಅಮ್ಮೀ, ಮುರು ಮೀನಿನ ಮೊಟ್ಟೆ ಹುರ್ಕೊಟ್ರೆ ತಿಂತೀನಿ ಅನ್ಸುತ್ತೆ."

ಅತ್ತೆ ಬಶೀರುನ್ನೀಸಾಗೆ ಅಷ್ಟೇ ಸಾಕಾಯಿತು. ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದು ಮೀನಿನ ಅಂಗಡಿ. ಮಗ ಅಫ್ಸರ್ ಬೆಳಗಿನ ಜಾವ ಬೆಂಗಳೂರಿಗೆ ಹೋಗಿ ಕಡಲ ಮೀನು ತರುತ್ತಾನೆ. ಕೊಯ್ದು ಕೊಡುವುದು ಬಶೀರುನ್ನೀಸಾ. ಮುರು ಅಂದರೆ ಸಮುದ್ರದ ತಳದಲ್ಲಿ, ಬಂಡೆ ಮತ್ತು ಹವಳದ ಸಂದಿಗಳಲ್ಲಿ ಬದುಕುವ ಮೀನು. ಮುಳ್ಳು ಕಮ್ಮಿ, ಮಾಂಸ ಮೆತ್ತಗೆ. ಹೋಟೆಲಿನವರಿಗೆ ಅದೆಂದರೆ ಪ್ರಾಣ.

ಆ ದಿನ ಬುಟ್ಟಿಯಲ್ಲಿದ್ದ ಮುರುವನ್ನೆಲ್ಲ ಸೀಳಿ ನೋಡಿದರು. ಒಂದರ ಹೊಟ್ಟೆಯಲ್ಲೂ ಮೊಟ್ಟೆ ಇರಲಿಲ್ಲ. ಮರುದಿನವೂ ಇಲ್ಲ. ವಾರ ಕಳೆಯಿತು.

"ನಾನು ಬಸುರಿ ಇದ್ದಾಗ ಇದೇ ಮೀನಲ್ಲಿ ಬೊಗಸೆ ತುಂಬ ಸಿಗ್ತಿತ್ತು. ಈಗೇನಾಯ್ತು ಇದಕ್ಕೆ?" ಎಂದು ಅವರು ಹಿತ್ತಲಿನಲ್ಲಿ ಕೂತಿದ್ದ ಕೀರ್ತನಳನ್ನು ಕೇಳಿದರು.

ಕೀರ್ತನ ಆಚೆ ಬೀದಿಯ ಮಗ್ಗದ ಮನೆಯ ಹುಡುಗಿ. ಮಂಗಳೂರಿನಲ್ಲಿ ಮೀನುಗಾರಿಕೆ ಓದುತ್ತಿದ್ದಾಳೆ. ಅವಳ ಮನೆಯೊಳಗೆ ಮೀನು ತರುವಂತಿಲ್ಲ. ಅದಕ್ಕೇ ರಜಕ್ಕೆ ಬಂದಾಗಲೆಲ್ಲ ಇವರ ಹಿತ್ತಲಿನಲ್ಲೇ ಕೂತು, ಅಂಗಡಿಯಲ್ಲಿ ಉಳಿದ ಮುರು ಮೀನಿನ ತಲೆಗಳನ್ನು ಬಿಡಿಸುತ್ತಾಳೆ. ತಲೆಯೊಳಗಿಂದ ಪುಟ್ಟದೊಂದು ಬಿಳಿ ಕಲ್ಲು ತೆಗೆದು, ತೊಳೆದು, ಡಬ್ಬಿಗೆ ಹಾಕಿಕೊಳ್ಳುತ್ತಾಳೆ.

"ಇದು ಮೀನಿನ ಕಿವಿಕಲ್ಲು, ಬಶೀರಮ್ಮ. ಇದ್ರಲ್ಲಿ ಅದ್ರ ವಯಸ್ಸು ಗೊತ್ತಾಗುತ್ತೆ" ಎಂದು ಅವಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. "ಹೋದ ರಜದಲ್ಲಿ ಇಲ್ಲಿಂದ ಒಯ್ದಿದ್ದನ್ನ ಕಾಲೇಜಲ್ಲಿ ತೆಳ್ಳಗೆ ಉಜ್ಜಿ, ಮೈಕ್ರೋಸ್ಕೋಪ್ ಕೆಳಗಿಟ್ಟು ತೆಗೆದಿದ್ದು. ಮರ ಕೊಯ್ದಾಗ ಒಳಗೆ ಬಳೆ ಬಳೆ ಕಾಣುತ್ತಲ್ಲ, ಹಂಗೇ. ವರ್ಷಕ್ಕೊಂದು ಬಳೆ."

ಬಶೀರುನ್ನೀಸಾ ನಕ್ಕರು. "ನಾನು ಹುಟ್ಟಿದ್ದು ಯಾವ ವರ್ಷ ಅಂತ ನಮ್ಮಮ್ಮಂಗೂ ಗೊತ್ತಿರ್ಲಿಲ್ಲ. ಆಧಾರಲ್ಲಿ ಜನವರಿ ಒಂದು ಅಂತ ಹಾಕವ್ರೆ. ಮೀನಿಗೆ ನೋಡು, ಅಲ್ಲಾನೇ ಕಿವಿಯೊಳಗೆ ಬರೆದಿಟ್ಟವ್ನೆ."

ಆಮೇಲೆ ಬೆರಳಿಟ್ಟು ಎಣಿಸಿದರು. ಎರಡು ಬಳೆ. ಮುಂದಿನ ಚಿತ್ರದಲ್ಲೂ ಎರಡೇ. ಅದರ ಮುಂದಿನದರಲ್ಲಿ ಒಂದೇ.

"ಇವು ಮೊಟ್ಟೆ ಇಡೋದು ಯಾವಾಗ ಬೇಟಿ?"

"ಈ ಜಾತಿಗೆ ಮೂರು ನಾಲ್ಕು ವರ್ಷನಾದ್ರೂ ಆಗ್ಬೇಕು. ನಿಧಾನಕ್ಕೆ ಬೆಳೆಯೋ ಮೀನು ಇದು. ಬಿಟ್ರೆ ಹತ್ತು ವರ್ಷದ ಮೇಲೂ ಬದುಕುತ್ತೆ."

ಬಶೀರುನ್ನೀಸಾ ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟರು. "ಹಂಗಾದ್ರೆ ನಾನು ದಿನಾ ಕೊಯ್ತಿರೋದು ಮಕ್ಕಳನ್ನ."

ಕೀರ್ತನ ಫೋನು ಮಡಿಲಲ್ಲಿಟ್ಟು ಡಬ್ಬಿಯ ಮುಚ್ಚಳ ಹಾಕಿದಳು.

ಕ್ರೇಟು ತೊಳೆಯುತ್ತಿದ್ದ ಅಫ್ಸರ್ ಅಲ್ಲಿಂದಲೇ ಹೇಳಿದ: "ಸಮುದ್ರದಲ್ಲಿ ಮೀನಿಗೇನಮ್ಮ ಬರ? ದೊಡ್ಡವು ಆಳದಲ್ಲಿರ್ತವೆ, ಬಲೆಗೆ ಸಿಗಲ್ಲ ಅಷ್ಟೆ."

"ಕಾಲೇಜಲ್ಲಿ ನಾವೂ ಹಂಗೇ ಅಂದ್ಕೊಂಡ್ವಿ ಅಣ್ಣ. ಅದಕ್ಕೇ ಆಳದಲ್ಲಿ ಗಾಳ ಹಾಕೋರ ಹತ್ರದಿಂದ್ಲೂ ತಲೆ ತರಿಸಿ ನೋಡಿದ್ವಿ. ಅಲ್ಲೂ ಹೆಚ್ಚಿನವು ಮರಿಗಳೇ. ಈಗ ನೀವೊಂದು ಮದುವೆ ಮನೆಗೆ ಹೋಗ್ತೀರ. ಎಲ್ಲಿ ನೋಡಿದ್ರೂ ಬರೀ ಚಿಕ್ಕ ಮಕ್ಕಳು. ದೊಡ್ಡೋರು ಅಲ್ಲೊಬ್ರು, ಇಲ್ಲೊಬ್ರು. ಏನನ್ಸುತ್ತೆ?"

"ಏನೋ ಆಗ್ಬಾರದ್ದು ಆಗಿದೆ ಅನ್ಸುತ್ತೆ."

"ನಮ್ಮ ಲೆಕ್ಕನೂ ಅದೇ ಅಣ್ಣ. ಯಾವ ವಯಸ್ಸಿನವು ಎಷ್ಟು ಉಳಿದವೆ ಅಂತ ನೋಡಿದ್ರೆ, ವರ್ಷಕ್ಕೆ ಎಷ್ಟು ಸಾಯ್ತವೆ ಅಂತ ತಿಳಿಯುತ್ತೆ. ರೋಗ ಬಂದು ಸಾಯೋವು, ದೊಡ್ಡ ಮೀನಿನ ಬಾಯಿಗೆ ಹೋಗೋವು ಇದ್ದೇ ಇರ್ತವೆ. ನಮಗೆ ಸಿಕ್ಕಿದ ಲೆಕ್ಕದಲ್ಲಿ ಅದಕ್ಕಿಂತ ಜಾಸ್ತಿ ನಮ್ಮ ಬಲೆ, ಗಾಳಕ್ಕೇ ಹೋಗ್ತಿವೆ."

"ನಾನು ತರ್ದಿದ್ರೆ ಇನ್ನೊಬ್ಬ ತರ್ತಾನೆ. ದೇವನಹಳ್ಳಿ ಹೋಟೆಲವ್ರು ಕೇಳೋದೇ ತಟ್ಟೆಗೆ ಹೊಂದೋ ಮರಿ." ಅಫ್ಸರನ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಆ ಹೋಟೆಲಿನ ವ್ಯಾಪಾರದಿಂದಲೇ ಅಂಗಡಿ ನಡೆಯುತ್ತಿತ್ತು.

"ಮರಿ ಅಂತ ನೀನೇ ಅಂದ್ಯಲ್ಲ ಬೇಟಾ" ಎಂದರು ಬಶೀರುನ್ನೀಸಾ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮೆಹ್ನಾಜ್ ಹೇಳಿದಳು: "ನಂಗೆ ಆ ಮೊಟ್ಟೆ ಬೇಡ ಅಮ್ಮೀ. ಅಪ್ಪಿತಪ್ಪಿ ಯಾವುದಾದ್ರೂ ಮೀನು ಅಷ್ಟು ದಿನ ಬದುಕಿದ್ರೆ, ಅದು ಕಡಲಲ್ಲೇ ಮೊಟ್ಟೆ ಇಡಲಿ."

ಅಫ್ಸರ್ ಹೆಂಡತಿಯ ಮುಖವನ್ನೊಮ್ಮೆ ನೋಡಿ, ಕ್ರೇಟುಗಳನ್ನು ಅಲ್ಲೇ ಬಿಟ್ಟು ಸ್ಕೂಟರ್ ಹತ್ತಿದ. ಕೆರೆಗೆ ಪ್ರತಿವರ್ಷ ಮರಿ ಬಿಟ್ಟು ಸಾಕುವ ಸಂಘದವರಿಂದ ಮೊಟ್ಟೆ ತುಂಬಿದ ಒಂದು ಕಟ್ಲಾ ಮೀನು ತಂದ. ಕೆರೆಯ ನಿಂತ ನೀರಲ್ಲಿ ಅದು ಹೇಗೂ ಮರಿ ಮಾಡುವುದಿಲ್ಲ. ಬಶೀರುನ್ನೀಸಾ ಆ ಮೊಟ್ಟೆಗೆ ಮೆಣಸು, ಈರುಳ್ಳಿ ಹಾಕಿ ಹದವಾಗಿ ಹುರಿದರು. ಮೆಹ್ನಾಜ್ ಅನ್ನದ ಜೊತೆ ತಟ್ಟೆ ಖಾಲಿ ಮಾಡಿ ಇನ್ನಷ್ಟು ಕೇಳಿದಳು. ಎಷ್ಟೋ ದಿನದ ಮೇಲೆ ಸೊಸೆ ಹೊಟ್ಟೆ ತುಂಬ ಉಂಡದ್ದನ್ನು ನೋಡಿ ಅತ್ತೆಯ ಕಣ್ಣು ಒದ್ದೆಯಾಯಿತು.

ಮರುದಿನ ತಾಯಿ ಮಗ ಇಬ್ಬರೂ ದೇವನಹಳ್ಳಿಗೆ ಹೋದರು. ಹೋಟೆಲು ನೋಡಿಕೊಳ್ಳುವ ಕಾಂತರಾಜು ಮುರು ಮರಿ ಬಿಡಲು ಮೊದಲು ಒಪ್ಪಲಿಲ್ಲ. "ಗಿರಾಕಿಗಳು ಮುರುನೇ ಕೇಳ್ತಾರೆ ಕಣಮ್ಮ. ಇಲ್ಲ ಅಂದ್ರೆ ಎದ್ದು ಹೋಗ್ತಾರೆ."

"ಕೇಳಿದ್ರೆ ನಂಗೆ ಫೋನ್ ಮಾಡ್ಕೊಡಿ ಸ್ವಾಮಿ. ಯಾಕಿಲ್ಲ ಅಂತ ನಾನೇ ಹೇಳ್ತೀನಿ" ಎಂದರು ಬಶೀರುನ್ನೀಸಾ. ಕೀರ್ತನ ಕಳಿಸಿದ್ದ ಚಿತ್ರ ತೋರಿಸಿ ಬಳೆ ಎಣಿಸಿದರು. ಅಫ್ಸರ್ ಹೊಂಡದಲ್ಲಿ ಸಾಕಿದ, ತಟ್ಟೆಗೆ ಹೊಂದುವ ಅಳತೆಯ ಮೀನು ತಂದುಕೊಡುತ್ತೇನೆಂದ. ಕಾಂತರಾಜು "ಒಂದು ವಾರ ನೋಡೋಣ" ಅಂದರು. ಗಿರಾಕಿಗಳು ತಿಂದರು. ಒಬ್ಬಿಬ್ಬರು ಗೊಣಗಿದರು. ವಾರದ ಮೇಲೂ ಅಫ್ಸರ್ ಸಾಕಿದ ಮೀನನ್ನೇ ಕೊಡುತ್ತಿದ್ದಾನೆ.

ಈಗ ಅಂಗಡಿಗೆ ಬಂದು ಯಾರಾದರೂ ಸಣ್ಣ ಮುರು ಕೇಳಿದರೆ ಬಶೀರುನ್ನೀಸಾ ತಮ್ಮ ಕೈ ಚಾಚಿ ತೋರಿಸುತ್ತಾರೆ. "ಮೊಣಕೈಯಿಂದ ಬೆರಳ ತುದಿ ತನಕ ಒಂದು ಮೊಳ. ಅಷ್ಟು ಬೆಳೆದ್ರೇನೇ ಅದು ಮೊಟ್ಟೆ ಇಡೋದು. ಅದಕ್ಕಿಂತ ಚಿಕ್ಕದು ನಮ್ಮಲ್ಲಿ ಇಲ್ಲಪ್ಪ. ಇವತ್ತು ಕಟ್ಲಾ ತಗೊಂಡೋಗು."

ಮೀನು ಕೊಳ್ಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸಮುದ್ರ ನಮ್ಮ ಊರಿಂದ ದೂರವಿದೆ. ಆದರೆ ಅಲ್ಲಿ ಬೀಳುವ ಬಲೆಯ ಒಂದು ಎಳೆ ನಮ್ಮ ಕೈಯಲ್ಲೂ ಇದೆ. ನಾವು ಕೇಳಿದ್ದನ್ನೇ ಅವರು ಹಿಡಿಯುತ್ತಾರೆ. ಮುಂದಿನ ಸಲ ಅಂಗಡಿಗೆ ಹೋದಾಗ ಬೆಲೆ ಕೇಳುವ ಮೊದಲು ಮೀನಿನ ಅಳತೆ ನೋಡಿ. ಮರಿ ಮೀನು ಬೇಡ ಅನ್ನಿ. ಮಳೆಗಾಲದಲ್ಲಿ ಕಡಲ ಮೀನುಗಾರಿಕೆ ನಿಂತಿರುವಾಗ ನಮ್ಮ ಕೆರೆಗಳಲ್ಲಿ ಸಾಕಿದ ಮೀನು ತಿನ್ನಿ. ಹೋಟೆಲಿನಲ್ಲಿ ತಟ್ಟೆಯಷ್ಟಗಲದ ಮುರು ತಂದಿಟ್ಟರೆ, ಇದಕ್ಕೆ ವಯಸ್ಸೆಷ್ಟು ಎಂದು ಒಂದು ಮಾತು ಕೇಳಿ.

ಅದೂ ಒಂದು ಸಲ ತಾಯಿಯಾಗಲಿ.