ಗಂಟಿಲ್ಲದ ಮುದ್ದೆ

ಬೆಳಕಿನ ಗಾಜಿಗೆ ಸಿಕ್ಕಿಸಿದ ಎಕ್ಸ್‌ರೇಯಲ್ಲಿರುವುದು ನನ್ನ ಕೈಯಂತೆ, ಬಳೆಯಿಲ್ಲ, ಮಾಂಸವಿಲ್ಲ, ಬೂದಿ ಬಣ್ಣದ ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿವೆ, ಇಲ್ಲಿ ಸಂದು ಇರ್ಬೇಕಿತ್ತಮ್ಮ, ಸವೆದುಹೋಗಿದೆ, ಮೂಳೆಗೆ ಮೂಳೆ ಉಜ್ತಾ ಇದೆ ಎಂದು ಡಾಕ್ಟರು ಪೆನ್ನಿನ ತುದಿಯಲ್ಲಿ ತೋರಿಸುತ್ತಾರೆ, ಹಿಂದೆ ಯಾವಾಗಾದ್ರೂ ಬಿದ್ದಿದ್ರಾ, ಇಲ್ಲ ಎನ್ನುವಷ್ಟರಲ್ಲಿ ನನ್ನ ಗಂಡ ಬಾಯಿ ಹಾಕುತ್ತಾರೆ, ಬಿದ್ದಿದ್ಲು ಸಾರ್, ಒಗೆಯೋ ಕಲ್ಲತ್ರ ಜಾರಿ, ನಾಟಿ ಕಟ್ಟು ಕಟ್ಸಿದ್ವಿ, ವಾರದೊಳ್ಗೆ ಬಿಚ್ಚಾಕ್ಬಿಟ್ಲು — ಯಾಕೆ ಬಿಚ್ಚಿದೆನೆಂದು ಇವರಿಗೇನು ಗೊತ್ತು, ಕೈ ಕಟ್ಟಿಸಿಕೊಂಡು ಕೂತ ನನ್ನ ಕಣ್ಣೆದುರೇ ಮೈದುನನ ಹೆಂಡತಿ ಧನಲಕ್ಷ್ಮಿ ಹಿಟ್ಟಿನ ಕೋಲು ಹಿಡಿದಿದ್ದಳು, ಅತ್ತೆ ನನಗೆ ಕೊಟ್ಟ ಕೋಲು, ಈ ಮನೇಲಿ ಮುದ್ದೆ ತೊಳ್ಸೋಳೇ ಒಲೆಗೆ ಯಜಮಾನಿ ಕಣೇ ಅಕ್ಕಯಮ್ಮ ಎಂದು ಕೊಟ್ಟ ಕೋಲು, ಧನಲಕ್ಷ್ಮಿಯೋ ಆಗಷ್ಟೇ ಮದುವೆಯಾಗಿ ಮಾಲೂರಿನಿಂದ ಬಂದವಳು, ಒದ್ದೆ ಅಂಗೈ, ತಿರುಗುವ ಮಣಿಕಟ್ಟು, ಮುದ್ದೆಯ ಮೇಲೆ ಬಿರುಕಿಲ್ಲ, ಬೆರಳಿನ ಗುರುತಿಲ್ಲ, ನನ್ನ ಹೊಟ್ಟೆ ಉರಿಯಿತು, ಉರಿಯದೆ ಇನ್ನೇನು, ಅವಳು ಆ ಕೋಲು ಮುಟ್ಟದಿದ್ದರೆ ನನ್ನ ಮೂಳೆ ನೆಟ್ಟಗೆ ಕೂಡಿಕೊಳ್ಳುತ್ತಿತ್ತು.

ಆ ಎಕ್ಸ್‌ರೇ ತೆಗೆಸಿದ್ದು ಯುಗಾದಿಗೆ ಮುಂಚೆ, ಆಮೇಲೆ ಮಾತ್ರೆ, ಇಂಜೆಕ್ಷನ್, ಕೈ ಅಲ್ಲಾಡದಂತೆ ಗಟ್ಟಿ ಪಟ್ಟಿ, ಹಗಲೆಲ್ಲ ಹಾಕಿಕೊಂಡಿರಿ ಎಂದಿದ್ದರು, ನಾನೋ ಒಲೆ ಹೊತ್ತಿದ ಕೂಡಲೇ ಬಿಚ್ಚಿ ತಲೆದಿಂಬಿನಡಿ ತುರುಕುತ್ತಿದ್ದೆ, ಹಲ್ಲು ಕಚ್ಚಿ ತೊಳಸುತ್ತಿದ್ದೆ, ಊದಿದ್ದು ಕಾಣದಿರಲೆಂದು ಬಳೆ ಏರಿಸುತ್ತಿದ್ದೆ, ಆದರೂ ಮುದ್ದೆಯಲ್ಲಿ ಗಂಟು, ಒಂದು ದಿನ ಮಾವ ತಟ್ಟೆಯಂಚಿಗೆ ಗಂಟು ತೆಗೆದಿಟ್ಟು ಕೈ ತೊಳೆದರು — ಇವತ್ತು ಡಾಕ್ಟರು ಮತ್ತೆ ಕೈ ಬಗ್ಗಿಸಿ ನೋಡಿ, ಇನ್ನು ಆಪರೇಷನ್ನೇ ಅಮ್ಮ, ಪ್ಲೇಟ್ ಹಾಕಿ ಮೂಳೆ ಕೂಡಿಸ್ಬಿಡ್ತೀವಿ, ನೋವು ಹೋಗತ್ತೆ, ಆದ್ರೆ ಮಣಿಕಟ್ಟು ಬಗ್ಗಲ್ಲ, ಬಗ್ಗದ ಕೈಯಲ್ಲಿ ಕೋಲು ಹಿಡಿಯುವುದು ಹೇಗೆ, ನೋವಾದರೆ ನನ್ನದು, ಕೋಲು ಹೋದರೆ ಅವಳದ್ದಾಗುತ್ತದೆ, ಶಿವಾಜಿನಗರದ ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಕೈ ಚುರುಗುಟ್ಟಿತು, ಲಿಂಗರಾಜಪುರ ಬರುವ ತನಕ ಇವರು ಒಂದೇ ರಾಗ, ಮಾಡಿಸ್ಕೊಂಡ್ಬಿಡೆ, ಅಡುಗೆಗೆ ಧನಲಕ್ಷ್ಮಿ ಇದಾಳಲ್ಲ, ಇದಾಳಲ್ಲ, ಆ ಹೆಸರು ಇವರ ಬಾಯಲ್ಲಿ ಎಷ್ಟು ಸಲೀಸು.

ಮನೆಗೆ ಬಂದರೆ ತಟ್ಟೆ ಹಾಕಿಯಾಗಿದೆ, ಅವರೆಕಾಳು ಸಾರು, ಮಾವ ಎರಡನೇ ಮುದ್ದೆ ಹಾಕಿಸಿಕೊಳ್ಳುತ್ತಿದ್ದಾರೆ, ನನ್ನ ಮುದ್ದೆಯನ್ನು ಎಂದಾದರೂ ಎರಡನೇ ಸಲ ಹಾಕಿಸಿಕೊಂಡಿದ್ದರೇ, ಪಟ್ಟಿ ಕಟ್ಟಿದ ಕೈ ನೋಡಿ ಅವಳು ಪಕ್ಕದಲ್ಲೇ ಕೂತಳು, ಅಕ್ಕಾ, ನೀವು ಕೈ ಆಡಿಸ್ಬೇಡಿ, ನಾನು ಮುರ್ದು ಕೊಡ್ತೀನಿ, ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಡುತ್ತಾಳೆ, ಆ ಕಣ್ಣಲ್ಲಿ ಗೆದ್ದ ನಗೆ ಹುಡುಕುತ್ತೇನೆ, ಇಲ್ಲ, ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಇವರು ಕೇಳುತ್ತಾರೆ, ಡಾಕ್ಟ್ರಿಗೆ ಏನಂತ ಹೇಳ್ಲಿ, ಮಾಡ್ಸೋಣ್ವಾ, ತಾಳಿ, ಬಾಯಲ್ಲಿ ಮುದ್ದೆಯಿದೆ, ಮುದ್ದೆಯನ್ನು ನುಂಗಬೇಕು, ಅಗಿಯುವವರುಂಟೇ, ನಾನು ಅಗಿಯುತ್ತೇನೆ, ಒಂದು ಗಂಟು ಸಿಗಲಿ, ಸಾಸಿವೆಯಷ್ಟು ಹಸಿಹಿಟ್ಟು ಸಿಕ್ಕರೂ ಸಾಕು, ಆಪರೇಷನ್ ಬೇಡ ಅಂದುಬಿಡುತ್ತೇನೆ, ಇಲ್ಲ, ಇನ್ನೊಂದು ತುತ್ತು, ಅದರಲ್ಲೂ ಇಲ್ಲ, ಇನ್ನೊಂದು ಮುದ್ದೆ ಕಟ್ಟಲು ಅವಳು ಮತ್ತೆ ನೀರಿಗೆ ಕೈ ಅದ್ದುತ್ತಾಳೆ, ಒದ್ದೆ ಅಂಗೈ, ತಿರುಗುವ ಮಣಿಕಟ್ಟು, ಬಿರುಕಿಲ್ಲ, ಬೆರಳಿನ ಗುರುತಿಲ್ಲ, ಒದ್ದೆ ಅಂಗೈ, ತಿರುಗುವ ಮಣಿಕಟ್ಟು —